ಹದಿನೇಳನೇ ಸೇತುವೆಯಿಂದ ಕರೆ

ಜೂನ್ 3, ಮಂಗಳವಾರ

ಇವತ್ತು ಎರಡು ಡಿಕ್ಕಿ. ಒಂಬತ್ತನೇ ಸೇತುವೆಗೆ ಹುಲ್ಲಿನ ಲಾರಿ. ಹದಿನೇಳಕ್ಕೆ ಖಾಲಿ ಕಂಟೇನರ್ — ಡಬ್ಬಿಯ ಮುಚ್ಚಳ ಕಿತ್ತ ಹಾಗೆ ಮೇಲ್ಭಾಗ ಸುರುಳಿ ಸುತ್ತಿತ್ತಂತೆ. ಡ್ರೈವರ್ ಫೋನಿನಲ್ಲಿ ಅಳುತ್ತಿದ್ದ. "ಬೆಳಿಗ್ಗೆ ಇದರ ಕೆಳಗೇ ಹೋದೆ ಮೇಡಂ. ಸಂಜೆಗೆ ಹೆಂಗೆ ಕುಗ್ಗಿಬಿಡ್ತು?" ಎಲ್ಲರೂ ಇದನ್ನೇ ಕೇಳುತ್ತಾರೆ. ಅದನ್ನು ಬರೆಯಲು ಫಾರಂನಲ್ಲಿ ಜಾಗವಿಲ್ಲ.

ರೈಲ್ವೆ ಕಂಟ್ರೋಲ್ ರೂಮಿನಲ್ಲಿ ನನ್ನ ಕೆಲಸ ಇಷ್ಟೇ: ಕರೆ ಬಂದರೆ ಮೇಲೆ ರೈಲು ನಿಲ್ಲಿಸಿ, ಕೆಳಗೆ ರಸ್ತೆ ಮುಚ್ಚಿಸಿ, ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ನನ್ನು ಕಳಿಸುವುದು. ಇಪ್ಪತ್ತೆರಡು ವರ್ಷದಿಂದ ಇದೇ. ಎಂ.ಎ. ಮಾಡಿ, ಅಷ್ಟೊಂದು ಕಾವ್ಯ ಓದಿ, ಕೊನೆಗೆ ಸೇತುವೆಗೆ ಹೊಡೆದ 'ಡಿಕ್ಕಿಯಾದರೆ ತಿಳಿಸಿ' ತಗಡಿನ ಮೇಲೆ ಒಂದು ಫೋನ್ ನಂಬರ್ ಆದೆ.

ಸಂಜೆ ತಮ್ಮ ಬಂದಿದ್ದ. ಎಲ್ಲರೂ ಅವನನ್ನು ಕರೆಯುವುದು ಗಿಡ್ಡ ಅಂತ. ಓಡಿಸುವುದು ಮಾತ್ರ ಕಂಪನಿಯ ಅತಿ ಎತ್ತರದ ಲಾರಿ.

"ಹದಿನೇಳರ ಕೆಳಗೆ ಬೇಡ್ವೋ. ಸುತ್ತು ಹಾಕ್ಕೊಂಡು ಹೋಗು."

"ನಾಲ್ಕು ಬೆರಳು ಜಾಗ ಇದೆ ಅಕ್ಕ. ಹೋಗ್ತಾ ಸಿಮೆಂಟು, ಬರ್ತಾ ಟೈಲ್ಸು, ಐದು ವರ್ಷದಿಂದ ಓಡಾಡ್ತಿದೀನಿ. ನನ್ನ ಗಾಡಿ ಕಂಡ್ರೆ ಸೇತುವೆನೇ ಉಸಿರು ಬಿಗಿಹಿಡಿಯುತ್ತೆ."

ನಕ್ಕೆ. ಅಮ್ಮ ಇದ್ದಿದ್ದರೆ ತಲೆಗೊಂದು ಮೊಟಕುತ್ತಿದ್ದಳು. ನನಗೆ ಆ ಧೈರ್ಯವಿಲ್ಲ. ಸಾಕಿದವಳು ನಾನಾದರೂ.

ಜೂನ್ 5, ಗುರುವಾರ

3.40ಕ್ಕೆ ಕರೆ. ಹೆಂಗಸು. ಓಡಿಬಂದವಳ ಏದುಸಿರು.

"ಫೋನ್ ಇಡಬೇಡ. ಕೇಳು. ಹದಿನೇಳನೇ ಸೇತುವೆ. ರಸ್ತೆ ಮುಚ್ಚಿಸು. ನೀಲಿ—"

ಕಟ್. ಏಕವಚನ! ಕಷ್ಟದಲ್ಲಿರುವವರಿಗೆ ಮರ್ಯಾದೆ ನೆನಪಿರುವುದಿಲ್ಲ, ಇರಲಿ. ಎರಡು ರೈಲು ನಿಲ್ಲಿಸಿದೆ. ರಸ್ತೆ ಮುಚ್ಚಿಸಿದೆ. ಗ್ಯಾಂಗ್‌ಮನ್ ಮೀಸೆಯವರು ಹೋಗಿ ನೋಡಿ ಫೋನ್ ಮಾಡಿದರು.

"ಮೇಡಂ, ಲಾರಿನೂ ಇಲ್ಲ, ಲಾರಿ ನೆರಳೂ ಇಲ್ಲ."

"ಏನೂ ಇಲ್ವಾ?"

"ತೊಲೆ ಮೇಲೆ ಒಂದು ಗೀರು ಇದೆ. ನೀಲಿ ಬಣ್ಣ. ಹಸಿ ಇದೆ ಮೇಡಂ, ಕೈಗೆ ಹತ್ತಿತು."

ಯಾವುದೋ ಗಾಡಿ ಉಜ್ಜಿಕೊಂಡು ಓಡಿಹೋಗಿರಬೇಕು. ಕರೆ ಬಂದ ನಂಬರ್ ಯಂತ್ರದಲ್ಲಿ ಮೂಡಿಲ್ಲ. 'ಸುಳ್ಳು ಕರೆ' ಎಂದು ಬರೆದೆ. ಸೂಪರ್‌ವೈಸರ್ ಕೈಯಲ್ಲಿ ಬೈಸಿಕೊಂಡೆ.

ಜೂನ್ 12, ಗುರುವಾರ

ಮತ್ತೆ. 3.40. ಅವಳೇ. ಅದೇ ಮಾತು, ಅದೇ ಜಾಗದಲ್ಲಿ ಉಸಿರು, ಅದೇ 'ನೀಲಿ—'ಗೆ ಕಟ್. ಹಿಂದೆ ಕಾಗದದ ಸರಸರ. ಬರೆದುಕೊಂಡದ್ದನ್ನು ಓದುವವರ ಹಾಗೆ.

ಮತ್ತೆ ರೈಲು ನಿಂತವು. ಮತ್ತೆ ಏನೂ ಇಲ್ಲ. ಗೀರು ಒಂದು ಗೇಣು ಉದ್ದವಾಗಿದೆಯಂತೆ.

"ಮೇಡಂ, ಕವನ ಓದೋರಿಗೆ ಇಲ್ಲದ್ದೂ ಕೇಳಿಸುತ್ತೆ," ಸೂಪರ್‌ವೈಸರ್. ಇಡೀ ಆಫೀಸು ನಕ್ಕಿತು.

ಜೂನ್ 13

ರೋಷದಲ್ಲಿ ನಾನೇ ಟಿಪ್ಪಣಿ ಬರೆದುಕೊಟ್ಟೆ: ಹದಿನೇಳನೇ ಸೇತುವೆಯ ಕರೆಗಳಿಗೆ ಮೊದಲು ಗ್ಯಾಂಗ್‌ಮನ್ ಹೋಗಿ ನೋಡಲಿ. ರೈಲು, ರಸ್ತೆ ನಿಲ್ಲಿಸುವುದು ಆಮೇಲೆ. ಸಹಿ ಬಿತ್ತು. ಈಗ ಅದು ರೂಲ್.

ಜೂನ್ 19, ಗುರುವಾರ

3.40. ಎತ್ತಿದೆ. ಏದುಸಿರು ಕೇಳಿದ ತಕ್ಷಣ ಇಟ್ಟುಬಿಟ್ಟೆ.

ಹಾಗೆ ಇಡಬಾರದಿತ್ತು... ಮನೆಗೆ ಬಂದ ಮೇಲೂ ಕಿವಿಯಲ್ಲಿ ಆ ಉಸಿರು. ಗುರುತಿನವರದು ಅನ್ನಿಸುತ್ತಿದೆ. ಯಾರದು?

ಜೂನ್ 24, ಮಂಗಳವಾರ

ಹದಿನೇಳರ ಕೆಳಗೆ ಹೊಸ ಡಾಂಬರು. ಮನೆಯಿಂದ ಎರಡು ಬೀದಿ ಆಚೆಯೇ ಆದ್ದರಿಂದ ಹೋಗಿ ನೋಡಿದೆ. ಹಳೆಯದನ್ನು ಕೆರೆದು ತೆಗೆದಿಲ್ಲ, ಅದರ ಮೇಲೇ ಸುರಿದಿದ್ದಾರೆ. ಮೀಸೆಯವರು ಬಿದಿರಿನ ಗಳು ಹಿಡಿದು ಅಳೆದರು. "ಎರಡು ಬೆರಳು ಹೋಯ್ತು ಮೇಡಂ." ಎತ್ತರದ ಬೋರ್ಡು ಮಾತ್ರ ಹಳೆಯದನ್ನೇ ಹೇಳುತ್ತಿದೆ.

ಸೂಪರ್‌ವೈಸರ್‌ಗೆ ಹೇಳಿದೆ. "ಸೇತುವೆ ಇಳಿದಿಲ್ಲ ತಾನೇ? ರಸ್ತೆ ನಮ್ಮದಲ್ಲ." ರಸ್ತೆಯವರಿಗೆ ಫೋನ್ ಮಾಡಿದೆ. "ಬೋರ್ಡು ನಮ್ಮದಲ್ಲ." ಯಾರದೂ ಅಲ್ಲದ ಎರಡು ಬೆರಳು.

ಗೀರನ್ನೂ ನೋಡಿದೆ. ತೊಲೆಯ ಉದ್ದಕ್ಕೂ ಹಬ್ಬಿದೆ. ಇನ್ನೂ ಆರಿಲ್ಲ.

ಜೂನ್ 28, ಶನಿವಾರ

ತಮ್ಮನ ಹಾರ್ನ್ ಕೇಳಿ ಬಾಲ್ಕನಿಗೆ ಬಂದೆ.

ಲಾರಿ ನೀಲಿ. ಐದು ವರ್ಷ ಇಟ್ಟಿಗೆ ಬಣ್ಣದ್ದು. ಕಂಪನಿ ಮಾಲೀಕರು ಎಲ್ಲ ಗಾಡಿಗೂ ಹೊಸ ಬಣ್ಣ ಹೊಡೆಸಿದರಂತೆ, ನಿನ್ನೆ.

"ಹೆಂಗಿದೆ ಅಕ್ಕ? ಮದುವಣಗಿತ್ತಿ ತರ ಇಲ್ವಾ?"

ಎಲ್ಲವನ್ನೂ ಹೇಳಿದೆ. ಕರೆ, ಗೀರು, ಡಾಂಬರು. ಕೀಲಿ ಗೊಂಚಲು ತಿರುಗಿಸುತ್ತ ಕೇಳಿದ. ಆಮೇಲೆ: "ಮೊನ್ನೆ ತಾನೇ ಡಾಂಬರಿನ ಮೇಲೇ ಬಂದೆನಲ್ಲ. ಇನ್ನೂ ಎರಡು ಬೆರಳಿದೆ. ನೀನು ಆ ಕುರ್ಚಿ ಬಿಡು ಅಕ್ಕ. ದಿನಾ ಬರೀ ಡಿಕ್ಕಿ ಕೇಳಿ ಕೇಳಿ ಹೀಗಾಗಿದೆ ನಿನಗೆ."

ಇರಬಹುದು.

ಜುಲೈ 2, ಬುಧವಾರ

ಹದಿನೇಳರ ಹಳೆಯ ಫಾರಂಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಓದಿದೆ. ಎತ್ತರ, ವೇಗ, ಹೊತ್ತು — ಒಂದಕ್ಕೊಂದು ತಾಳೆಯಿಲ್ಲ. 'ಲೋಡ್' ಎಂಬ ಕಾಲಂ ಮಾತ್ರ ಎಲ್ಲದರಲ್ಲೂ ಒಂದೇ. ಖಾಲಿ. ಖಾಲಿ. ಖಾಲಿ.

ಮೀಸೆಯವರನ್ನು ಕೇಳಿದೆ. "ಅಷ್ಟೂ ಗೊತ್ತಿಲ್ವಾ ಮೇಡಂ? ಲೋಡ್ ಇದ್ರೆ ಗಾಡಿ ಕೂತಿರುತ್ತೆ. ಇಳಿಸಿದ್ರೆ ಏಳುತ್ತೆ. ದೊಡ್ಡ ಗಾಡಿ ಮೂರು ಬೆರಳು ಎದ್ದೇ ಏಳುತ್ತೆ."

ಬೆಳಿಗ್ಗೆ ನುಸುಳಿ ಸಂಜೆ ಸಿಕ್ಕಿಕೊಂಡವರ ಪ್ರಶ್ನೆಗೆ ಉತ್ತರ. ಹೊರೆ ಇಳಿಸಿದವರೇ ತಲೆ ಒಡೆದುಕೊಳ್ಳುತ್ತಾರೆ.

ತಮ್ಮ ಯಾವತ್ತೂ ಖಾಲಿ ಬಂದವನಲ್ಲ. ಅದೊಂದು ಸಮಾಧಾನ. ಹೋದ ವಾರ ಆ ಕರೆಯೂ ಬರಲಿಲ್ಲ. ಆದರೂ ನಾಳೆ ಗುರುವಾರ. ಆ ಫೋನಿನ ಮುಂದೆ ಕೂರಲಾರೆ. ರಜೆ ಹಾಕಿದ್ದೇನೆ.

ಜುಲೈ 3, ಗುರುವಾರ

ಮಧ್ಯಾಹ್ನ 3.05

ಮಲಗಿ ಎದ್ದು ಫೋನ್ ನೋಡಿದೆ. ತಮ್ಮನ ಮೆಸೇಜ್, 2.20ರದು. "ಟೈಲ್ಸ್ ಲೋಡ್ ಕ್ಯಾನ್ಸಲ್. ಖಾಲಿ ಬರ್ತಿದೀನಿ. ನಾಲ್ಕರೊಳಗೆ ಮನೆಗೆ. ಟೀ ಇಡು ಅಕ್ಕ."

ಉಳಿದಿರುವುದು ಎರಡು ಬೆರಳು. ಏಳುವುದು ಮೂರು.

ಆರು ಸಲ ಫೋನ್ ಮಾಡಿದೆ. ಎತ್ತುತ್ತಿಲ್ಲ. ಎತ್ತುವುದೂ ಇಲ್ಲ. ಓಡಿಸುವಾಗ ಫೋನ್ ಮುಟ್ಟಲ್ಲ ಅಂತ ಅಮ್ಮನ ಫೋಟೋ ಮುಂದೆ ಆಣೆ ಮಾಡಿಸಿದವಳು ನಾನೇ.

3.20

ನನ್ನ ಜಾಗದಲ್ಲಿ ಕೂತವಳಿಗೆ ಫೋನ್ ಮಾಡಿದೆ. "ಹದಿನೇಳಾ ಮೇಡಂ? ಅದಕ್ಕೆ ಮೊದಲು ಹೋಗಿ ನೋಡಬೇಕು ಅಂತ ರೂಲ್ ಇದೆಯಲ್ಲ... ನೀವೇ ಬರೆದದ್ದು. ಮೀಸೆಯವರು ಒಂಬತ್ತರ ಹತ್ತಿರ ಇದಾರೆ. ಅರ್ಧ ಗಂಟೆಯಲ್ಲಿ ಬರ್ತಾರೆ."

ಕೆಂಪು ಕೊಡೆ, ಈ ಪುಸ್ತಕ, ಚೀಲಕ್ಕೆ. ಓಡುತ್ತೇನೆ.

3.36

ಸೇತುವೆಯ ಕೆಳಗೆ. ಇಷ್ಟು ಹೊತ್ತು ಕೊಡೆ ಬೀಸಿದೆ. ಒಬ್ಬರೂ ವೇಗ ಇಳಿಸಲಿಲ್ಲ. ಹಾರ್ನ್ ಹೊಡೆದು, ಬೈದು, ಸುತ್ತಿ ಹೋದರು. ತಿರುವು ದಾಟಿದರೆ ಇಳಿಜಾರು — ಅವನು ನನ್ನನ್ನು ನೋಡುವಷ್ಟರಲ್ಲಿ ತಡವಾಗಿರುತ್ತದೆ.

ತೊಲೆಯ ಮೇಲೆ ಗೀರಿಲ್ಲ. ಒರೆಸಿದ ಹಾಗೆ. ಬರೀ ತುಕ್ಕು.

ತಗಡಿನ ಮೇಲಿನ ನಂಬರಿಗೇ ಮಾಡುತ್ತೇನೆ. ಡಿಕ್ಕಿ ಆಗಿಹೋಯಿತು ಎಂದೇ ಹೇಳುತ್ತೇನೆ. ಗಾಬರಿಯಲ್ಲಿ ತೊದಲಬಾರದು. ಮೊದಲು ಇಲ್ಲಿ ಬರೆದುಕೊಂಡು ಓದುವುದು:

ಫೋನ್ ಇಡಬೇಡ. ಕೇಳು. ಹದಿನೇಳನೇ ಸೇತುವೆ. ರಸ್ತೆ ಮುಚ್ಚಿಸು. ನೀಲಿ ಲಾರಿ

ಬರೆದ ಮೇಲೆ ನೋಡಿದೆ, ಏನು ಬರೆದೆ ಅಂತ.

3.40

ರಿಂಗ್ ಆಗುತ್ತಿದೆ. ಫೋನ್ ಭುಜಕ್ಕೂ ಕಿವಿಗೂ ನಡುವೆ, ಪುಸ್ತಕ ಮೊಣಕಾಲ ಮೇಲೆ. ಏದುಸಿರು ನಿಲ್ಲುತ್ತಿಲ್ಲ.

ಎತ್ತಿದರು. ಎಡಗಾಲು ಸಡಿಲಾದ, ಆಫೀಸಿನ ನನ್ನ ಕುರ್ಚಿ ಕಿರುಗುಟ್ಟುವ ಸದ್ದು. "ಹೇಳಿ, ಸೇತುವೆ ಸಂಖ್ಯೆ?" ನನ್ನದೇ ದಣಿದ ಧ್ವನಿ.

ಯಾವ ಗುರುವಾರದ ನಾನು? ರೈಲು ನಿಲ್ಲಿಸಿದವಳೋ, ಉಸಿರು ಕೇಳಿದೊಡನೆ ಫೋನ್ ಇಟ್ಟವಳೋ?

ತಿರುವಿನಲ್ಲಿ ತಮ್ಮನ ಹಾರ್ನ್.

ಅವಳಿಗೆ ಉಸಿರು ಕೇಳಿಸಕೂಡದು. ಬಿಗಿಹಿಡಿದಿದ್ದೇನೆ. ಈಗ ಒಂದೇ ಏಟಿಗೆ, 'ನೀಲಿ' ದಾಟಿ, ಕೊನೆಯ ತನಕ