ಸಿಂಧುವಿನ ಜಾವಾ ಸೋತದ್ದು

೧೪ ಆಗಸ್ಟ್ ೨೦೦೭, ಮಂಗಳವಾರ. ಹಾಸನ.

ಚನ್ನರಾಯಪಟ್ಟಣದ ತೆಂಗಿನಕಾಯಿ ಧಾರಣೆ ತೋರಿಸುವ ವೆಬ್‌ಸೈಟಿಗೆ ನಾನು ಪಿಎಚ್‌ಪಿ ಭಾಷೆಯಲ್ಲಿ ಬರೆದ ಪ್ರೋಗ್ರಾಂ ವೇಗವೋ, ಅರಕಲಗೂಡಿನ ಸಿಂಧು ಜಾವಾದಲ್ಲಿ ಬರೆದದ್ದೋ ಅಂತ ಆಫೀಸಿನಲ್ಲಿ ಇವತ್ತು ಪರೀಕ್ಷೆ. ಗೆದ್ದೆ. ಹಾಗನ್ನೋಕೆ ನಾಚಿಕೆ.

ಕರೆಂಟು ಹೋಗಿ ಬಂದು ಸರ್ವರ್ ಆಗಷ್ಟೇ ಶುರುವಾಗಿತ್ತು. ಜಾವಾ ಮೊದಮೊದಲು ತೆವಳುತ್ತೆ, ನೂರಿನ್ನೂರು ಸಲ ಪುಟ ತೆರೆದ ಮೇಲೇ ಅದರ ಓಟ. ನನಗೆ ಗೊತ್ತು, ಕೆಲಸಕ್ಕೆ ಹೊಸಬಳಾದ ಅವಳಿಗೆ ಗೊತ್ತಿಲ್ಲ. ಲೆಕ್ಕ ಬರೆದುಕೊಳ್ಳುತ್ತಿದ್ದವಳು ನಾನೇ. ಹತ್ತೇ ಸಲಕ್ಕೆ ನಿಲ್ಲಿಸಿಬಿಟ್ಟೆ.

"ನಿಮ್ದೇ ಪಾಸ್ಟು ಹಂಸಕ್ಕ. ನಂಗೂ ಅದ್ನೇ ಏಳ್ಕೊಡಿ" ಅಂದಳು, ನಗುತ್ತಲೇ. ಆಮೇಲೆ ತನ್ನ ಮೂರು ತಿಂಗಳ ಕೆಲಸವನ್ನೆಲ್ಲ ಆರಿಸಿ ಡಿಲೀಟ್ ಒತ್ತಿದಳು.

ನಿಜವಾಗಲೂ ಅಳಿಸಲೇ ಅಂತ ಕಂಪ್ಯೂಟರಾದರೂ ಒಂದು ಮಾತು ಕೇಳಿತು. ಪಕ್ಕದಲ್ಲೇ ನಿಂತಿದ್ದ ನಾನು ಅದನ್ನೂ ಕೇಳಲಿಲ್ಲ.