ಬಾಗಿಲ ಪಕ್ಕದ ಬೂಟು

ಮಾರ್ಚ್ ೧೧, ಬೆಳಿಗ್ಗೆ
ಹೆದ್ದಾರಿ ಬದಿಯ ಒಂದು ಪೆಟ್ರೋಲ್ ಬಂಕಿನಿಂದ

ಪ್ರೀತಿಯ ಅಕ್ಕ,

ನೀನು ದಾರಿ ಕಾಯುತ್ತಿರುತ್ತೀಯ, ಬೈಯುತ್ತಲೂ ಇರುತ್ತೀಯ. ಬೈದುಬಿಡು, ಹಗುರಾಗುತ್ತದೆ. ನಿನ್ನ ಪತ್ರ ಆಫೀಸಿನಲ್ಲಿ ನನಗಾಗಿ ಬಿದ್ದುಕೊಂಡಿತ್ತು ಎನ್ನುವುದು ಅರ್ಧ ನಿಜ. ಕೈಗೆ ಬಂದ ಮೇಲೂ ಉತ್ತರ ಶುರು ಮಾಡುವುದು, ಹರಿದು ಹಾಕುವುದು, ಇದೇ ಆಯಿತು. ಫೋನಿನಲ್ಲಿ ಹೇಳೋಣವೆಂದರೆ ನೀನು "ಹೇಗಿದೀಯೇ" ಅಂದ ಕೂಡಲೇ ನನ್ನ ಬಾಯಿ "ಚೆನ್ನಾಗಿದೀನಿ" ಅಂದುಬಿಡುತ್ತದೆ. ಅಲ್ಲಿಗೆ ಮಾತು ಮುಗಿಯಿತು.

ಭಾವನ ಮಂಡಿನೋವು ಕಡಿಮೆಯಾಯಿತೇ? ನನ್ನ ಚೂಟಿಯ ಕೆಮ್ಮು ನಿಂತಿತೇ? ಅವಳು ಬಲಮಗ್ಗುಲಿಗೆ ಮಲಗಿದರೆ ಮೂಗು ಕಟ್ಟುತ್ತದೆ, ನಿದ್ದೆ ಹತ್ತಿದ ಮೇಲೆ ಮೆಲ್ಲಗೆ ಎಡಕ್ಕೆ ತಿರುಗಿಸು. ಹೋದ ಸಲವೂ ಇದನ್ನೇ ಬರೆದಿದ್ದೆ, ಗೊತ್ತು. ಮುಂದಿನ ಸಲವೂ ಬರೆಯುತ್ತೇನೆ.

ನಿಮ್ಮ ಮನೆ ಮುಂದೆ ಯಾರೋ ರಾತ್ರಿಯೆಲ್ಲ ಕಾರು ನಿಲ್ಲಿಸಿಕೊಂಡು ಮಲಗಿದ್ದರು ಎಂದು ಬರೆದಿದ್ದೀಯ. ಅದಾದ ಮೇಲೆ ಭಾವ ಗೇಟಿಗೆ ಹೊಸ ಬೀಗ ಹಾಕಿಸಿದ್ದು ಒಳ್ಳೆಯದಾಯಿತು. ನೀನು ಹೆದರಬೇಡ. ದಾರಿ ತಪ್ಪಿದ ಯಾರೋ ಇರಬೇಕು.

ಇನ್ನು ನಿನ್ನ ದೊಡ್ಡ ಪ್ರಶ್ನೆ. ಚೂಟಿಯನ್ನು ಜೂನ್‌ನಲ್ಲಿ ನಿಮ್ಮ ಬೀದಿಯ ಶಾಲೆಗೆ ಸೇರಿಸಲೇ ಎಂದು ಕೇಳಿದ್ದೀಯ. ಸೇರಿಸಿದ ಮೇಲೆ ನಡುವೆ ಬಿಡಿಸುವ ಹಾಗಿಲ್ಲ, "ಮಗೂನ ಚೆಂಡಿನ ಥರ ಆ ಮನೆಯಿಂದ ಈ ಮನೆಗೆ ಎಸೆಯಕ್ಕಾಗಲ್ಲ ಕಣೇ" ಎಂದೂ ಹೇಳಿದ್ದೀಯ. ಅದರ ಮಾತಿಗೆ ಬರುತ್ತೇನೆ, ತಾಳು. ಮೊದಲು ನೀನು ಬೆನ್ನು ಬಿದ್ದು ಕೇಳುತ್ತಿರುವ ಇನ್ನೊಂದಕ್ಕೆ ಉತ್ತರ ಕೊಡುತ್ತೇನೆ, ಅದು ಸುಲಭ.

ಟೂರ್ ಹೋದಾಗ ರಾತ್ರಿ ಎಲ್ಲಿ ಮಲಗುತ್ತೀ ಎಂದು ನೀನು ಕೇಳಿದ್ದೆ. ಕಂಪನಿಯ ಗೆಸ್ಟ್ ಹೌಸು ಎಂದು ನಾನು ಅಂದಿದ್ದೆ. ಆ ಗೆಸ್ಟ್ ಹೌಸಿಗೆ ನಾಲ್ಕು ಚಕ್ರಗಳಿವೆ.

ಎದೆ ಹಿಡಿದುಕೊಳ್ಳಬೇಡ, ಪೂರ್ತಿ ಓದು. ಗೋದಾಮು, ಆಸ್ಪತ್ರೆ, ತರಕಾರಿ ಮಂಡಿಗಳ ತೂಕದ ಯಂತ್ರಗಳು ಸರಿಯಾಗಿ ತೂಗುತ್ತಿವೆಯೇ ಎಂದು ನೋಡುವುದು ನನ್ನ ಕೆಲಸ. ಅದಕ್ಕೆ ಬೇಕಾದ ತೂಕದ ಬಟ್ಟುಗಳು ಡಿಕ್ಕಿಯಲ್ಲಿ, ಮೊಹರು ಹಾಕಿದ ಪೆಟ್ಟಿಗೆಯಲ್ಲಿರುತ್ತವೆ. ಒಂದು ಬಟ್ಟು ಬಿದ್ದು ಚೂರು ನಜ್ಜಾದರೂ ಅದರ ತೂಕ ತಪ್ಪುತ್ತದೆ, ನಾನು ನೋಡಿ ಬಂದ ಯಂತ್ರಗಳನ್ನೆಲ್ಲ ಮತ್ತೆ ನೋಡಬೇಕು. ಆದ್ದರಿಂದ ಪೆಟ್ಟಿಗೆಯನ್ನು ಬಿಟ್ಟು ಹೋಗುವ ಹಾಗಿಲ್ಲ. ಲಾಡ್ಜಿನ ಮೆಟ್ಟಿಲು ಹತ್ತಿಸೋಣವೆಂದರೆ ಇಬ್ಬರು ಗಂಡಸರು ಬೇಕು. ಅವರನ್ನು ಕರೆಯುವ ಮೊದಲೇ ಕೌಂಟರಿನವನು "ಮೇಡಂ ಒಬ್ರೇನಾ? ಸಾರ್ ಹಿಂದೆ ಬರ್ತಾರಾ?" ಎಂದು ಕೇಳುತ್ತಾನೆ. ಚೂಟಿಯ ಅಪ್ಪ ಬೇರೆ ಮನೆ ಮಾಡಿಕೊಂಡ ಎಂದು ಅವನಿಗೆ ಹೇಳಲೇ? ಕಾರಿನಲ್ಲಿ ಹಾಗೆ ಕೇಳುವವರಿಲ್ಲ.

ನೀನು ನೋಡಿದ್ದ ಕೆಂಪು ಕಾರಲ್ಲ ಇದು. ಅದರ ಗೇರ್‌ಬಾಕ್ಸ್ ಕೈಕೊಟ್ಟಿತು. ಈಗ ಕೊಟ್ಟಿರುವ ಬಿಳಿ ಕಾರಿನಲ್ಲಿ ಮುಂದಿನ ಸೀಟು ಚೆನ್ನಾಗಿ ಹಿಂದಕ್ಕೆ ಬಾಗುತ್ತದೆ. ಸೊಂಟದ ಕೆಳಗೆ ಮಡಿಸಿದ ಕಂಬಳಿ ಇಟ್ಟುಕೊಂಡರೆ ಬೆಳಿಗ್ಗೆ ಮನುಷ್ಯಳ ಹಾಗೆ ಏಳಬಹುದು. ಇಡದಿದ್ದರೆ ಪ್ರಶ್ನಾರ್ಥಕ ಚಿಹ್ನೆಯ ಹಾಗೆ ಏಳುತ್ತೇನೆ. ಕಿಟಕಿಗಳಿಗೆ ಟವೆಲ್ಲು, ಅದರ ಅಂಚನ್ನು ಗಾಜಿಗೆ ಸಿಕ್ಕಿಸಿ ಏರಿಸಿಬಿಡುವುದು. ಒಂದು ಗಾಜು ಮಾತ್ರ ಬೆರಳು ತೂರುವಷ್ಟು ಇಳಿದಿರಬೇಕು. ಇಲ್ಲದಿದ್ದರೆ ನನ್ನ ಉಸಿರೇ ಗಾಜಿನ ಮೇಲೆ ನೀರಾಗಿ ಕುಳಿತು, ಒಳಗೆ ಯಾರೋ ಇದ್ದಾರೆಂದು ಊರಿಗೆಲ್ಲ ಸಾರುತ್ತದೆ. ದೀಪದ ಕಂಬದ ಕೆಳಗೆ ನಿಲ್ಲಿಸಬಾರದು, ಕಂಬದಿಂದ ದೂರವೂ ನಿಲ್ಲಿಸಬಾರದು. ಕಾರಿನ ಮೂತಿ ಯಾವಾಗಲೂ ರಸ್ತೆಯ ಕಡೆಗೆ. ಕೀಲಿ ಕೊರಳಿಗೆ, ತಾಳಿ ಇದ್ದ ಜಾಗದಲ್ಲಿ. ಸಂಜೆಯಾದ ಮೇಲೆ ನೀರು ಕುಡಿಯುವುದಿಲ್ಲ. ಕುಡಿದರೆ ಕತ್ತಲಲ್ಲಿ ಬಂಕಿನ ಕಕ್ಕಸಿನವರೆಗೆ ನಡೆಯಬೇಕಾಗುತ್ತದೆ, ಅದರ ಚಿಲಕ ಇದ್ದರೆ ಬಾಗಿಲಿಲ್ಲ, ಬಾಗಿಲಿದ್ದರೆ ಚಿಲಕವಿಲ್ಲ.

ಎಲ್ಲಕ್ಕಿಂತ ದೊಡ್ಡ ಉಪಾಯ ಬೂಟು. ಹಳೆಯ ಸಾಮಾನಿನ ಅಂಗಡಿಯಲ್ಲಿ ಗಂಡಸರ ಬೂಟು ಒಂದು ಜೊತೆ ಕೊಂಡೆ, ದೋಣಿಯಂಥವು. ಮಲಗುವಾಗ ಅವನ್ನು ಕಾರಿನ ಬಾಗಿಲ ಪಕ್ಕ ಕಾಣುವ ಹಾಗೆ ಬಿಚ್ಚಿಡುತ್ತೇನೆ. ಒಳಗೆ ಒಬ್ಬ ಧಾಂಡಿಗ ಮಲಗಿದ್ದಾನೆ ಎಂದು ಲೋಕ ತಿಳಿಯಲಿ. ಒಮ್ಮೆ ಬಂಕಿನ ಕಾವಲುಗಾರ ಬೆಳಿಗ್ಗೆ ಬಂದು ಕೇಳಿದ:

"ಯಜಮಾನ್ರು ಇನ್ನೂ ಎದ್ದಿಲ್ವಾ ಮೇಡಂ?"

"ಇಲ್ಲ, ಪಾಪ, ರಾತ್ರಿ ಪೂರ್ತಿ ಗಾಡಿ ಓಡಿಸಿದಾರೆ."

"ಮಲಗ್ಲಿ ಮಲಗ್ಲಿ. ಎರಡು ಟೀ ತಂದ್ಬಿಡ್ತೀನಿ, ಎದ್ಮೇಲೆ ಕುಡೀಲಿ."

ಎರಡನ್ನೂ ನಾನೇ ಕುಡಿದೆ. ಯಜಮಾನರ ಟೀಗೆ ಸಕ್ಕರೆ ಜಾಸ್ತಿಯಿತ್ತು. ಈಗ ಆ ಬೂಟು ಇಲ್ಲ, ಒಂದು ಕಡೆ ಬಿಟ್ಟು ಬಂದೆ. ಬೇರೆ ಜೊತೆ ಸಿಕ್ಕಿಲ್ಲ. ಅದಿಲ್ಲದೆ ಬಾಗಿಲಿಗೆ ಬೀಗ ಹಾಕಿದ್ದರೂ ಹಾಕಿಲ್ಲ ಅನ್ನಿಸುತ್ತದೆ.

ಇಷ್ಟೆಲ್ಲ ಮಾಡಿಯೂ ನಿದ್ದೆ ಬರುತ್ತದೆಯೇ ಎಂದರೆ, ಇಲ್ಲ. ಲಾರಿ ಹೋದರೆ ಎದ್ದು ಕೂರುತ್ತೇನೆ. ಲಾರಿ ಹೋಗದಿದ್ದರೆ ಯಾಕೆ ಹೋಗಲಿಲ್ಲ ಎಂದು ಎದ್ದು ಕೂರುತ್ತೇನೆ. ಆಗ ಚೂಟಿ ಹೊದಿಕೆ ಒದ್ದುಕೊಂಡಿರುತ್ತಾಳೆ, ಕಿಟಕಿ ತೆರೆದಿರಬಹುದು, ಗೋಲಿಯನ್ನೋ ಗುಂಡಿಯನ್ನೋ ಬಾಯಿಗೆ ಹಾಕಿಕೊಂಡಿರಬಹುದು ಎಂದು ಒಂದರ ಹಿಂದೆ ಒಂದು. ನೀನು ಅವಳ ಪಕ್ಕದಲ್ಲೇ ಇರುತ್ತೀಯ ಎನ್ನುವುದು ತಲೆಗೆ ಗೊತ್ತು. ಹೆತ್ತ ಹೊಟ್ಟೆಗೆ ಗೊತ್ತಾಗುವುದಿಲ್ಲ.

ಆಫೀಸಿನಲ್ಲೇ ಕೂತು, ರಿಪೇರಿಗೆ ಬಂದ ಯಂತ್ರಗಳನ್ನು ನೋಡುವ ಕೆಲಸ ಒಂದಿದೆ. ಅದು ಸಿಕ್ಕರೆ ಊರೂರು ಸುತ್ತುವುದು ತಪ್ಪುತ್ತದೆ, ಒಂದು ಮನೆ ಮಾಡಿ ಚೂಟಿಯನ್ನು ಕರೆದುಕೊಳ್ಳಬಹುದು. ಆದರೆ ಸಾಹೇಬರನ್ನು ಕೇಳಲು ಧೈರ್ಯವಾಗಿಲ್ಲ. "ಟೂರ್‌ಗೆ ನಿಮ್ಮಂಥೋರು ಸಿಗಲ್ಲ ಕಣ್ರೀ, ನಿಮಗೆ ಮನೆ ಚಿಂತೆನೇ ಇಲ್ಲ" ಎಂದು ಅವರು ಎಲ್ಲರ ಮುಂದೆ ಹೊಗಳುತ್ತಾರೆ. ನಾನೂ ನಗುತ್ತೇನೆ.

ಆದ್ದರಿಂದ ಶಾಲೆಯ ವಿಷಯದಲ್ಲಿ ನೀನು ಹೇಳಿದ್ದೇ ಸರಿ. ಸೇರಿಸಿಬಿಡು. ಅವಳು ನಿನ್ನ ಬಳಿ ಹೊಟ್ಟೆ ತುಂಬ ಉಂಡು, ಕಣ್ತುಂಬ ನಿದ್ದೆ ಮಾಡುತ್ತಾಳೆ. ನನ್ನ ಬಳಿ ಅವಳಿಗೆ ಕೊಡಲು ಒಂದು ಬಾಗುವ ಸೀಟು ಇದೆ, ಅಷ್ಟೇ.

ಗೋದಾಮಿನವರು ಬಾಗಿಲು ತೆರೆಯುವ ಹೊತ್ತಾಯಿತು. ಭಾವನಿಗೆ ನನ್ನ ನಮಸ್ಕಾರ. ಚೂಟಿ ನೂರು ಕಾಲ ಗಟ್ಟಿಯಾಗಿರಲಿ, ಅವಳ ಎರಡು ಕೆನ್ನೆಗೂ ಒಂದೊಂದು ಮುತ್ತು, ಯಾರದ್ದು ಅಂತ ಹೇಳಿ ಕೊಡು. ನಿನ್ನ ಕೈ ನನ್ನ ತಲೆಯ ಮೇಲಿರಲಿ.

ನಿನ್ನ
ಮೊದ್ದು

ಮರೆತ ಮಾತು: ಮೇಲಿನದನ್ನು ಬರೆದು ಮಡಿಸಿಯಾಗಿತ್ತು. ಸಂಜೆಯಾದರೂ ಅಂಚೆಗೆ ಹಾಕಲು ಕೈ ಬರಲಿಲ್ಲ.

ನಿಮ್ಮ ಮನೆ ಮುಂದೆ ಕಾರಿನಲ್ಲಿ ಮಲಗಿದ್ದವಳು ನಾನು.

ನಿಮ್ಮೂರಿನ ಕಡೆ ಇದ್ದ ಕೆಲಸ ಮುಗಿಯುವಾಗಲೇ ಕತ್ತಲಾಗಿತ್ತು, ಬರುವಷ್ಟರಲ್ಲಿ ನಿಮ್ಮ ದೀಪ ಆರಿತ್ತು. ಹೋದ ಸಲ, ಮಳೆಗಾಲದಲ್ಲಿ, ನಾನು ಒಂದೇ ರಾತ್ರಿ ಇದ್ದು ಹೊರಟಾಗ ಚೂಟಿ ಊಟ ಬಿಟ್ಟು ಅತ್ತಳಲ್ಲ, "ಹೀಗೆ ಬಂದು ಹೀಗೆ ಹೋಗೋದಾದ್ರೆ ಬರ್ಲೇಬೇಡ" ಅಂದಿದ್ದೆಯಲ್ಲ. ಅದಕ್ಕೇ ಬಾಗಿಲು ತಟ್ಟಲಿಲ್ಲ. ಬೆಳಿಗ್ಗೆ ಹಾಲು ತೆಗೆದುಕೊಳ್ಳಲು ಭಾವನ ಜೊತೆ ಗೇಟಿಗೆ ಬರುತ್ತಾಳಲ್ಲ, ಟವೆಲಿನ ಸಂದಿನಿಂದ ನೋಡಿಕೊಂಡು ಹೋಗೋಣ ಅಂದುಕೊಂಡೆ. ಅಭ್ಯಾಸದಂತೆ ಬೂಟು ಹೊರಗಿಟ್ಟೆ. ನಿಮ್ಮ ಗೋಡೆಯ ಪಕ್ಕ, ಎಷ್ಟೋ ದಿನಗಳ ಮೇಲೆ, ನನಗೆ ಗಾಢ ನಿದ್ದೆ ಬಂದುಬಿಟ್ಟಿತು ಅಕ್ಕ.

ಗಾಜು ಟಕಟಕ ಬಡಿದ ಸದ್ದಿಗೆ ಎಚ್ಚರವಾಯಿತು. ಟವೆಲು ಸರಿಸಿದೆ. ಚೂಟಿ. ಗಾಜಿಗೆ ಮೂಗು ಒತ್ತಿಕೊಂಡು ನಿಂತಿದ್ದಳು. ಕೂದಲು ಕತ್ತರಿಸಿದ್ದೀರಿ, ಚೆನ್ನಾಗಿದೆ. ನಾನು ನಕ್ಕೆ. ನೋಡಿದಳು, ಸರಿಯಾಗಿಯೇ ನೋಡಿದಳು. ಆಮೇಲೆ ಒಳಗೆ ಓಡಿದಳು. "ದೊಡ್ಡಮ್ಮಾ, ಕಾರಲ್ಲಿ ಯಾರೋ ಇದಾರೆ." ಒಳಗಿನಿಂದ ನಿನ್ನ ದನಿ: "ಹತ್ರ ಹೋಗ್ಬೇಡ ಪುಟ್ಟಾ, ಒಳಗ್ ಬಾ." ಭಾವನ ಚಪ್ಪಲಿ ಸದ್ದು ಕೇಳಿತು. ನಾನು ಕಾರು ಓಡಿಸಿಬಿಟ್ಟೆ.

ನೀನು ಸರಿಯಾಗಿಯೇ ಕಲಿಸಿದ್ದೀಯ. ನಾನಿದ್ದರೂ ಅದನ್ನೇ ಕಲಿಸುತ್ತಿದ್ದೆ. ಆದರೆ ಆ "ಯಾರೋ" ನನ್ನ ಜೊತೆ ಕಾರಿನಲ್ಲೇ ಪ್ರಯಾಣ ಮಾಡುತ್ತಿದೆ.

ಈಗ ಬಂಕಿನ ಫೋನಿನಿಂದ ಸಾಹೇಬರಿಗೆ ಮಾತಾಡಿದೆ. ಆಫೀಸಿನ ಕೆಲಸ ಕೊಡಿ, ನನಗೆ ಮನೆ ಚಿಂತೆ ಇದೆ ಎಂದೆ. "ನೋಡೋಣ" ಅಂದರು. ಇಲ್ಲ ಅನ್ನಲಿಲ್ಲ.

ಮೇಲೆ "ಸೇರಿಸಿಬಿಡು" ಎಂದು ಬರೆದಿದ್ದೇನಲ್ಲ, ಶನಿವಾರದವರೆಗೆ ಅದನ್ನು ಓದಿಲ್ಲ ಅಂದುಕೋ. ಶನಿವಾರ ಬೆಳಕಿರುವಾಗಲೇ ಬರುತ್ತೇನೆ, ಟವೆಲುಗಳಿಲ್ಲದೆ, ಗಾಜುಗಳನ್ನೆಲ್ಲ ಇಳಿಸಿಕೊಂಡು. ಅವಳು ಓಡಿದರೆ ಓಡಲಿ, ಹಿಡಿದು ತಂದು ನನ್ನ ಮಡಿಲಿಗೆ ಹಾಕಬೇಡ. ಅವಳಾಗಿ ಬರುವವರೆಗೆ ಗೇಟಿನ ಹೊರಗೆ ಕಾರಿನಲ್ಲೇ ಇರುತ್ತೇನೆ. ಅಲ್ಲಿ ಹೇಗಿರಬೇಕೆಂದು ನನಗೆ ಗೊತ್ತು.

ಆ ಬೂಟನ್ನು ಭಾವ ಗೇಟಿನ ಹತ್ತಿರ ಎತ್ತಿಟ್ಟಿದ್ದಾರೆ, ಬೂಟಿನವನು ಮತ್ತೆ ಬಂದರೆ ಹಿಡಿಯುತ್ತಾರೆ ಎಂದು ಬರೆದಿದ್ದೀಯ. ಹಿಡಿಯಲಿ. ಅಲ್ಲಿಯವರೆಗೆ ಎಸೆಯಬೇಡಿರೆಂದು ಹೇಳು, ಅವು ನನ್ನವು.