ಜೋಡಿ ಗುಡ್ಡೆಗಳು

ಪ್ರಯೋಗಾಲಯದ ಕ್ಯಾಂಟೀನು,
ನವೆಂಬರ್ ೯, ಸೋಮವಾರ ಸಂಜೆ

ಮುದ್ದಿನ ಮಗಳಿಗೆ,

ಹೇಗಿದ್ದೀಯಮ್ಮಾ? ಫೋನೂ ಹತ್ತದ ಆ ದ್ವೀಪದಲ್ಲಿ ಕೆಮ್ಮು ಕಡಿಮೆಯಾಯಿತೋ, ಇಲ್ಲ ಗಾಳಿಯ ವೇಗ ಅಳೆಯುವ ಗಡಿಬಿಡಿಯಲ್ಲಿ ಕಿವಿಗೆ ಬಟ್ಟೆ ಕಟ್ಟಿಕೊಳ್ಳುವುದನ್ನೇ ಮರೆತಿದ್ದೀಯೋ? ಅಕ್ಷರ ದುಂಡಗಿದೆಯೆಂದು ಹೌಹಾರಬೇಡ. ನನ್ನ ಕನ್ನಡಕ ಒಡೆದಿದೆ. ನಾನು ಹೇಳುತ್ತಿದ್ದೇನೆ, ನಮ್ಮ ಲೇಸರ್ ಹುಡುಗಿ ಬರೆಯುತ್ತಿದ್ದಾಳೆ. ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಮಿಂಚು ಎಂದೇ ಕರೆಯುವುದು. ಇದಕ್ಕೂ ನಗುತ್ತಿದ್ದಾಳೆ, ಮೊದಲು ಬರೆಯಮ್ಮಾ ಎಂದಿದ್ದೇನೆ.

ಹವಾಮಾನ ಕೇಂದ್ರದವರು ಇನ್ನೆರಡು ವರ್ಷ ಅಲ್ಲೇ ಇರಲು ಕೇಳಿದ್ದಾರೆ, ಸಹಿ ಹಾಕಲೋ ಬೇಡವೋ ಎಂದು ಬರೆದಿದ್ದೀಯ. ಹಾಕು. ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೇನೆ. ನಿನ್ನಮ್ಮ ಹೋದ ಮೇಲೆ ಮನೆ ಸ್ವಲ್ಪ ದೊಡ್ಡದಾದ ಹಾಗೆ ಅನ್ನಿಸುತ್ತದೆ, ಅಷ್ಟೇ. ಸಂಜೆ ಬೀಗ ತೆಗೆದು ಒಳಗೆ ಕಾಲಿಡುವಾಗ ‘ಬಂದೆ ಕಣೇ’ ಎಂದು ಈಗಲೂ ಬಾಯಿಗೆ ಬಂದುಬಿಡುತ್ತದೆ. ಆಮೇಲೆ ರೇಡಿಯೋ ಹಾಕುತ್ತೇನೆ. ವಾರ್ತೆ ಓದುವವಳಿಗೆ ಉತ್ತರ ಕೊಡುತ್ತಾ ಊಟ ಮುಗಿಸುತ್ತೇನೆ. ಪಾಪ, ಅವಳು ಎಂದೂ ಎದುರಾಡಿದವಳಲ್ಲ. ಆ ವಿಷಯದಲ್ಲಿ ನಿನ್ನಮ್ಮನಿಗಿಂತ ವಾಸಿ ಎಂದು ಬರೆಸೋಣವೆಂದರೆ ಮಿಂಚು ಕಣ್ಣು ಬಿಡುತ್ತಿದ್ದಾಳೆ.

ಕೆಲಸದ ಸುದ್ದಿ ಹೇಳಬೇಕು. ನಿನಗೆ ಗೊತ್ತಲ್ಲ, ಟಂಗ್‌ಸ್ಟನ್ ತಂತಿಯನ್ನು ಕ್ಷಾರದಲ್ಲಿ ಅದ್ದಿ, ಕರೆಂಟು ಹಾಯಿಸಿ, ತುದಿಯನ್ನು ಕಣ್ಣಿಗೇ ಕಾಣದಷ್ಟು ಚೂಪು ಮಾಡಿ, ಚಿಮುಟದಲ್ಲಿ ಹಿಡಿದು ಯಂತ್ರಕ್ಕೆ ಕೂರಿಸುವುದು ನನ್ನ ಕೆಲಸ. ಆ ಮೊನೆಯನ್ನು ಚಿನ್ನದ ತೆಳು ಪದರದ ಮೇಲೆ ಮುಟ್ಟಿಯೂ ಮುಟ್ಟದ ಹಾಗೆ ನಿಲ್ಲಿಸಿ ಮಿಂಚು ಪಕ್ಕದಿಂದ ಲೇಸರ್ ಬಿಡುತ್ತಾಳೆ. ರೆಪ್ಪೆ ಬಡಿಯುವುದು ಅದರ ಮುಂದೆ ಒಂದು ಯುಗ, ಅಷ್ಟು ಚಿಕ್ಕ ಹೊಡೆತ. ಬೆಳಕೆಲ್ಲ ಮೊನೆಯಡಿ ಸೇರಿ, ಅಲ್ಲಿ ಚಿನ್ನ ಉಬ್ಬಿ ಪುಟ್ಟ ಗುಡ್ಡೆಯಾಗುತ್ತದೆ. ಒಂದು ಕೂದಲಿನ ದಪ್ಪದಲ್ಲಿ ಅಂಥ ಸಾವಿರ ಗುಡ್ಡೆ ಸಾಲಾಗಿ ಕೂರುತ್ತವೆ. ಆಮೇಲೆ ಅದೇ ಮೊನೆ ಚಿನ್ನವನ್ನೆಲ್ಲ ತಡವಿ ನೋಡಿ ಚಿತ್ರ ಬರೆದು ಕೊಡುತ್ತದೆ.

ಹೋದ ವಾರ ಗುಡ್ಡೆಗಳು ಜೋಡಿ ಜೋಡಿಯಾಗಿ ಬಂದವು. ಒಂದು ಹೊಡೆತಕ್ಕೆ ಎರಡು, ಎಲ್ಲ ಜೋಡಿಯೂ ಒಂದೇ ದಿಕ್ಕಿಗೆ, ಒಂದೇ ಅಂತರದಲ್ಲಿ. ಯಾರೂ ನೋಡದ್ದನ್ನು ನೋಡಿದೆನೆಂದು ಮಿಂಚು ಕುಣಿದಾಡಿ ಎಲ್ಲರಿಗೂ ಕಾಫಿ ಕೊಡಿಸಿದಳು. ನಾನೂ ಕುಡಿದೆ. ಲೋಟ ಕೆಳಗಿಟ್ಟು, ಬೇರೆ ಮೊನೆ ಹಾಕಿ ನೋಡೋಣ ಅಂದೆ. ಈ ಸಲ ಅವಳ ಕೈಯಲ್ಲೇ ಕೂರಿಸಿದೆ. ಗುರುತು ಹಾಕಿದ್ದ ಅದೇ ಜಾಗವನ್ನು ತಡವಿದರೆ ಎಲ್ಲ ಗುಡ್ಡೆಯೂ ಒಂಟಿ. ಹಳೆಯ ಮೊನೆಗೆ ಎರಡು ತುದಿಗಳಿದ್ದವು. ಇದ್ದ ಒಂದನ್ನೇ ಎರಡು ಸಲ ಮುಟ್ಟಿ ಎರಡೆಂದು ಬರೆದಿತ್ತು. ಹುಡುಗಿಯ ಮುಖ ಸಪ್ಪಗಾಯಿತು. ಆದರೂ, “ಬಿಡಿ ಅಂಕಲ್, ತಂತಿನೇ ಸರಿ ಇರ್ಲಿಲ್ಲ” ಅಂದಳು. ಹೌದು, ತಂತಿಯದೇ ದೋಷ. ಜೋಡಿ ಗುಡ್ಡೆಯ ಚಿತ್ರ ಎಸೆಯಲಿದ್ದಳು, ನಾನು ಇಸಿದುಕೊಂಡು ನಿನ್ನಮ್ಮನ ಫೋಟೋ ಪಕ್ಕದಲ್ಲಿ ಇಟ್ಟಿದ್ದೇನೆ. ಸುಳ್ಳೇ ಆದರೂ ನೋಡಲು ಚೆಂದ.

ತಲೆ ಒದ್ದೆ ಇಟ್ಟುಕೊಳ್ಳಬೇಡ. ನಿಮ್ಮ ಅಡುಗೆಯವರಿಗೆ ನನ್ನ ನಮಸ್ಕಾರ ಹೇಳು. ಎಲ್ಲಿದ್ದರೂ ತಣ್ಣಗಿರು, ಮಗಳೇ.

ನಿನ್ನ
ಅಪ್ಪ

ತಾ.ಕ.: ಮಿಂಚು ಕಾಫಿ ತರಲು ಎದ್ದುಹೋದಳು. ಇದು ನಾನೇ ಬರೆಯುತ್ತಿರುವುದು, ಅಕ್ಷರ ನೋಡಿದರೇ ನಿನಗೆ ಗೊತ್ತಾಗುತ್ತದೆ. ಕನ್ನಡಕ ಒಡೆದಿಲ್ಲ, ಜೇಬಿನಲ್ಲೇ ಇದೆ. ತಂತಿಯೂ ಸರಿಯಾಗಿತ್ತು. ಕೂರಿಸುವಾಗ ನನ್ನ ಕೈ ನಡುಗಿ ಮೊನೆ ಯಂತ್ರದ ಅಂಚಿಗೆ ತಾಗಿ ಎರಡಾಯಿತು. ಮಳೆಗಾಲದಿಂದ ಹೀಗೇ ಇದೆ, ಯಾರಿಗೂ ಹೇಳಿಲ್ಲ. ಆ ಹುಡುಗಿ ಗೊತ್ತಿದ್ದೇ ತಪ್ಪನ್ನು ತಂತಿಯ ಮೇಲೆ ಹಾಕಿದಳೋ ಏನೋ. ಡಾಕ್ಟರ ಹತ್ತಿರ ಒಬ್ಬನೇ ಹೋಗಲು ಹೆದರಿಕೆಯಾಗುತ್ತದೆ ಕಣಮ್ಮಾ. ಸಹಿ ಹಾಕಬೇಡ. ಅವಳು ಬರುತ್ತಿದ್ದಾಳೆ. ಮುಂದಿನ ದೋಣಿಗೇ ಬಾ.